ಸಾಗರದ ವಿಶ್ವಕೋಶ ಪುಟದ ತುಂಬ ತಪ್ಪುಗಳು: ತಿದ್ದಿದರೆ ಉಳಿಯುತ್ತಿಲ್ಲ, ಏನು ಮಾಡಬೇಕು?

ಗಣಪತಿಕೆರೆ
ಅಂತರ್ಜಾಲದ ವಿಶ್ವಕೋಶವೊಂದರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಬಗ್ಗೆ ಇರುವ ಪುಟವನ್ನು ಓದಿ ಮೈ ಉರಿದುಹೋಯಿತು. ಶಾಲೆಯ ಮಕ್ಕಳು ಪ್ರಬಂಧಕ್ಕೆ ಇದನ್ನೇ ಇಳಿಸಿಕೊಳ್ಳುತ್ತಾರೆ, ಪ್ರವಾಸಕ್ಕೆ ಬರುವವರು ಇದನ್ನೇ ನಂಬುತ್ತಾರೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಎಂದಿದೆ. ವರದಾ ನದಿ ಶರಾವತಿಯನ್ನು ಸೇರುತ್ತದೆ ಎಂದಿದೆ. ಕೆಳದಿ ಚೆನ್ನಮ್ಮ ಬ್ರಿಟಿಷರ ವಿರುದ್ಧ ಹೋರಾಡಿದಳು ಎಂದಿದೆ. ಜೋಗ ಭಾರತದ ಅತಿ ಎತ್ತರದ ಜಲಪಾತವಂತೆ. ಶರಾವತಿ ಹಿನ್ನೀರಿನ ಆಚೆಯ ಸಿಗಂದೂರಿಗೆ ಲಾಂಚ್ ಬಿಟ್ಟರೆ ಬೇರೆ ದಾರಿಯಿಲ್ಲವಂತೆ. ಊರಿನ ಕೆರೆ ಎಂದು ಹಾಕಿರುವ ಚಿತ್ರವಂತೂ ನಮ್ಮ ಕೆರೆಯದೇ ಅಲ್ಲ.

ಒಂದು ಸಂಜೆ ಕುಳಿತು ಎಲ್ಲವನ್ನೂ ತಿದ್ದಿದೆ. ಮರುದಿನ ನೋಡಿದರೆ ಹಳೆಯ ಪಾಠವೇ ಮರಳಿ ಬಂದಿದೆ! "ಆಧಾರವಿಲ್ಲದ ಬದಲಾವಣೆ" ಎಂದು ಒಂದು ಸಾಲು ಬರೆದು ಯಾರೋ ಎಲ್ಲವನ್ನೂ ಅಳಿಸಿದ್ದಾರೆ. ಹುಟ್ಟಿ ಬೆಳೆದ ಊರಿನ ಜಾತ್ರೆ ಯಾವಾಗ ಎಂದು ಹೇಳುವುದಕ್ಕೂ ಆಧಾರ ಒದಗಿಸಬೇಕೆ? ತಿಳಿದವರು ದಾರಿ ತೋರಿಸಿ.

ಶಿರಸಿಯವಳು
ಎರಡು ವರ್ಷಕ್ಕೊಮ್ಮೆ ನಡೆಯುವುದು ನಮ್ಮ ಶಿರಸಿಯ ಮಾರಿಜಾತ್ರೆ. ಯಾರೋ ಎರಡೂ ಊರುಗಳನ್ನು ಕಲಸಿಬಿಟ್ಟಿದ್ದಾರೆ.

ಜಂಬಗಾರು
ಸಾಗರದ್ದು ಮೂರು ವರ್ಷಕ್ಕೊಮ್ಮೆ. 2020ರ ಫೆಬ್ರವರಿಯಲ್ಲಿ ಆಯಿತು, 2023ರ ಫೆಬ್ರವರಿಯಲ್ಲಿ ಆಯಿತು. ಒಂಬತ್ತು ದಿನದ ಜಾತ್ರೆ. ಲಕ್ಷಗಟ್ಟಲೆ ಜನ ಕಣ್ಣಾರೆ ಕಂಡದ್ದಕ್ಕೆ ಇನ್ನೇನು ಆಧಾರ ಬೇಕು ಮಾರಾಯರೇ?

ಹಳೆಯ ಸಂಪಾದಕ
ಗಣಪತಿಕೆರೆಯವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅಳಿಸಿದವರನ್ನು ಶತ್ರು ಎಂದುಕೊಳ್ಳಬೇಡಿ. ನಾನು ಕನ್ನಡ ವಿಕಿಪೀಡಿಯದಲ್ಲಿ ಬಹಳ ಕಾಲದಿಂದ ಬರೆಯುತ್ತಿದ್ದೇನೆ. ಅಲ್ಲಿಯ ನಿಯಮದ ತಿರುಳು ಇಷ್ಟು: ಬರೆದದ್ದು ನಿಜವಾಗಿದ್ದರೆ ಸಾಲದು, ಊರು ಕಾಣದ ಓದುಗನೂ ಅದನ್ನು ಬೇರೊಂದು ಪ್ರಕಟಿತ ಆಕರದಲ್ಲಿ ಪರಿಶೀಲಿಸುವಂತಿರಬೇಕು. ಇಂಥ ಬೇರೆ ವಿಶ್ವಕೋಶಗಳೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿವೆ. ನೀವು ಸಾಗರದವರು ಎಂಬುದು ನಮಗೆ ಗೊತ್ತು, ಪರದೆಯ ಆಚೆ ಕುಳಿತವರಿಗೆ ಗೊತ್ತಿಲ್ಲ. ನಾಳೆ ಇನ್ನೊಬ್ಬ "ನಾನೂ ಸಾಗರದವನೇ, ಜಾತ್ರೆ ಐದು ವರ್ಷಕ್ಕೊಮ್ಮೆ" ಎಂದರೆ ಅವರು ಯಾರನ್ನು ನಂಬಬೇಕು?

ಮಾಡಬೇಕಾದದ್ದು: ಮೊದಲು "ಇತಿಹಾಸ" ಎಂಬಲ್ಲಿ ಒತ್ತಿ, ಆ ತಪ್ಪು ಸಾಲು ಯಾವಾಗ, ಯಾವ ಖಾತೆಯಿಂದ ಸೇರಿತು ಎಂದು ನೋಡಿ. ಆಮೇಲೆ "ಚರ್ಚೆ" ಪುಟದಲ್ಲಿ ತಪ್ಪು ಯಾವುದು, ಸರಿ ಯಾವುದು, ಆಕರ ಯಾವುದು ಎಂದು ಬರೆಯಿರಿ. ಹತ್ತು ತಪ್ಪುಗಳನ್ನು ಒಂದೇ ಏಟಿಗೆ ತಿದ್ದಬೇಡಿ. ಒಂದೊಂದನ್ನೂ ಬೇರೆಬೇರೆಯಾಗಿ ಉಳಿಸಿದರೆ, ಒಂದಕ್ಕೆ ಆಕ್ಷೇಪ ಬಂದರೂ ಉಳಿದವು ನಿಲ್ಲುತ್ತವೆ. ಅಳಿಸಿದ್ದನ್ನೇ ಮತ್ತೆ ಮತ್ತೆ ಹಾಕುವುದಂತೂ ಬೇಡವೇ ಬೇಡ. ಇಪ್ಪತ್ನಾಲ್ಕು ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಬದಲಾವಣೆಯನ್ನು ರದ್ದು ಮಾಡಿದರೆ ಖಾತೆಗೆ ತಡೆ ಬೀಳುವ ನಿಯಮ ಇಂಗ್ಲಿಷ್ ವಿಕಿಪೀಡಿಯದಲ್ಲಿದೆ.

ಗಣಪತಿಕೆರೆ
ಸರ್, ಹಾಗಾದರೆ ಮೊದಲು ತಪ್ಪು ಬರೆದವನಿಂದ ಯಾರೂ ಆಧಾರ ಕೇಳಲಿಲ್ಲವಲ್ಲ! ವರದೆ ಶರಾವತಿಗೆ ಸೇರುತ್ತದೆ ಎಂಬ ಸಾಲಿನ ಮುಂದೆ ಯಾವ ಆಕರವೂ ಇಲ್ಲ. ಅದು ವರ್ಷಗಟ್ಟಲೆ ಕುಳಿತಿದೆ. ತಿದ್ದಲು ಹೋದ ನನ್ನನ್ನು ಮಾತ್ರ ಕಟಕಟೆಗೆ ನಿಲ್ಲಿಸುತ್ತಾರೆ.

ಹಳೆಯ ಸಂಪಾದಕ
ಈ ದೂರು ಪೂರ್ತಿ ಸರಿ. ಹೊಸ ಬದಲಾವಣೆಗಳ ಮೇಲೆ ಕಣ್ಣಿಡುವವರು ಇರುತ್ತಾರೆ, ಹಳೆಯ ಪಾಠವನ್ನು ಮರಳಿ ಓದುವವರು ತೀರಾ ಕಡಿಮೆ. ಆಕರವಿಲ್ಲದ ಹಳೆಯ ಸಾಲಿನ ಮುಂದೆ "ಉಲ್ಲೇಖ ಬೇಕು" ಎಂಬ ಗುರುತು ಹಾಕುವ ಹಕ್ಕು ನಿಮಗೂ ಇದೆ. ಹಾಕಿ. ಕೆಲವು ವಾರ ಯಾರೂ ಆಕರ ಒದಗಿಸದಿದ್ದರೆ ಆ ಸಾಲನ್ನು ತೆಗೆಯಬಹುದು.

ಇಕ್ಕೇರಿ ರಸ್ತೆ
ವರದೆಯ ವಿಷಯಕ್ಕೆ ಭೂಪಟ ಸಾಕಲ್ಲ. ವರದಾಮೂಲ ನಮ್ಮ ಸಾಗರ ತಾಲ್ಲೂಕಿನಲ್ಲೇ ಇದೆ. ಅಲ್ಲಿ ಹುಟ್ಟಿದ ಹೊಳೆ ಬನವಾಸಿಯನ್ನು ಬಳಸಿಕೊಂಡು ಹಾವೇರಿ ಜಿಲ್ಲೆಗೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ, ಅಲ್ಲಿಂದ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ತಾಲ್ಲೂಕಿನಲ್ಲಿ ಬಿದ್ದ ಮಳೆ ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ಈ ಪುಟದಲ್ಲಿ ಬರೆಯಲೇಬೇಕಾದ ಸಂಗತಿ ಇದು. ಅದನ್ನು ಬಿಟ್ಟು ಎರಡು ನದಿಗಳನ್ನೂ ಸೇರಿಸಿ ಗಂಟು ಹಾಕಿದ್ದಾರೆ.

ನಿವೃತ್ತ ಅಧ್ಯಾಪಕ
ಚರಿತ್ರೆಯ ಭಾಗವನ್ನು ನಾನು ಸಾಲುಸಾಲಾಗಿ ಓದಿದೆ. ಚೆನ್ನಮ್ಮನ ತಪ್ಪು ಎಲ್ಲಕ್ಕಿಂತ ದೊಡ್ಡದು. ಕೆಳದಿ ಚೆನ್ನಮ್ಮ ಆಳಿದ್ದು ಹದಿನೇಳನೆಯ ಶತಮಾನದ ಕೊನೆಯ ಮೂರು ದಶಕಗಳಲ್ಲಿ. 1689ರ ಹೊತ್ತಿಗೆ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಅವನಿಗೆ ಆಶ್ರಯ ಕೊಟ್ಟವಳು, ಆ ಕಾರಣಕ್ಕೆ ಮೊಗಲರ ದಾಳಿಯನ್ನು ಎದುರಿಸಿದವಳು ಈಕೆ. ಕಿತ್ತೂರು ಚೆನ್ನಮ್ಮ ಬ್ರಿಟಿಷರ ಮೇಲೆ ಕತ್ತಿ ಎತ್ತಿದ್ದು 1824ರಲ್ಲಿ. ನಡುವೆ ಸುಮಾರು ನೂರ ಮೂವತ್ತೈದು ವರ್ಷಗಳ ಅಂತರವಿದೆ. ಪುಟದಲ್ಲಿ ಒಬ್ಬಳ ಹೆಸರಿಗೆ ಇನ್ನೊಬ್ಬಳ ಯುದ್ಧವನ್ನು ಅಂಟಿಸಿ ಇಬ್ಬರಿಗೂ ಅನ್ಯಾಯ ಮಾಡಿದ್ದಾರೆ.

ಇನ್ನೊಂದು: ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕೆಳದಿ ಅರಸ ಶಿವಪ್ಪ ನಾಯಕನ ಆಸ್ಥಾನಕ್ಕೆ ಬಂದಿದ್ದ ಎಂದು ಬರೆದಿದ್ದಾರೆ. ಅವನು ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದದ್ದು 1623ರಲ್ಲಿ. ಆಗ ಗದ್ದುಗೆಯಲ್ಲಿದ್ದವನು ವೆಂಕಟಪ್ಪ ನಾಯಕ. ಶಿವಪ್ಪ ನಾಯಕ ಪಟ್ಟಕ್ಕೆ ಬಂದದ್ದು 1645ರಲ್ಲಿ. ಇದಕ್ಕೆ ಆಕರ ಹುಡುಕಿ ಅಲೆಯಬೇಕಾಗಿಯೂ ಇಲ್ಲ. ಆ ಪ್ರವಾಸಿಯ ಪತ್ರಗಳ ಇಂಗ್ಲಿಷ್ ಅನುವಾದ 1892ರಲ್ಲೇ ಅಚ್ಚಾಗಿದೆ. ಇಕ್ಕೇರಿಯ ಬೀದಿಗಳಲ್ಲಿ ಹೆಣ್ಣುಮಕ್ಕಳು ಕೈಯಲ್ಲಿ ಬಣ್ಣದ ಕೋಲು ಹಿಡಿದು ಹಾಡುತ್ತ ಕುಣಿಯುವುದನ್ನು ಅವನು ನಿಂತು ನೋಡಿ ಬರೆದಿದ್ದಾನೆ. ಇಂಥ ಒಂದು ವಾಕ್ಯ ನಮ್ಮ ಪುಟದಲ್ಲಿದ್ದರೆ ಎಷ್ಟು ಚೆಂದ!

ಕಿತ್ತೂರು ನಾಡು
ಮೇಷ್ಟ್ರೇ, ನಮ್ಮ ಕಡೆಯೂ ಇದೇ ಗೋಳು. ಕಿತ್ತೂರು ಚೆನ್ನಮ್ಮನ ಬಗ್ಗೆ ಬರೆದ ಲೇಖನಗಳಲ್ಲಿ ರಾಜಾರಾಮನ ಕಥೆ ಬಂದು ಕುಳಿತಿರುತ್ತದೆ. ಹೆಸರು ಒಂದೇ ಎಂದ ಕೂಡಲೇ ಜನ ಓದುವುದನ್ನೇ ನಿಲ್ಲಿಸುತ್ತಾರೆ.

ಮೈಸೂರು ಓದುಗ
ಅಧ್ಯಾಪಕರೇ, ಕೆಳದಿ ಅರಸರ ವರ್ಷಗಳನ್ನು ಇಷ್ಟು ಖಚಿತವಾಗಿ ಹೇಳಬಹುದೇ? ಚೆನ್ನಮ್ಮನ ಪಟ್ಟಾಭಿಷೇಕಕ್ಕೆ 1671 ಎನ್ನುವವರೂ ಇದ್ದಾರೆ, 1672 ಎನ್ನುವವರೂ ಇದ್ದಾರೆ. ಲಿಂಗಣ್ಣ ಕವಿಯ ಕೆಳದಿನೃಪವಿಜಯವನ್ನೇ ನೇರ ಆಧಾರ ಮಾಡಿಕೊಂಡರೆ ಆಗದೇ?

ನಿವೃತ್ತ ಅಧ್ಯಾಪಕ
ಅದಕ್ಕೇ ನಾನು "ಕೊನೆಯ ಮೂರು ದಶಕಗಳಲ್ಲಿ" ಎಂದದ್ದು. ಎರಡು ವರ್ಷಗಳೂ ಬಳಕೆಯಲ್ಲಿದ್ದರೆ ಎರಡನ್ನೂ ಕೊಟ್ಟು, ಯಾವುದು ಯಾವ ಗ್ರಂಥದಿಂದ ಎಂದು ಹೇಳುವುದು ಮರ್ಯಾದೆಯ ಮಾರ್ಗ. ಕೆಳದಿನೃಪವಿಜಯ ಅರಸು ಮನೆತನವನ್ನು ಕೊಂಡಾಡುವ ಚಂಪೂಕಾವ್ಯ. ಇತಿಹಾಸಕಾರ ಅದನ್ನು ಶಾಸನಗಳ ಪಕ್ಕದಲ್ಲಿಟ್ಟು ತೂಗಿ ನೋಡುತ್ತಾನೆ. ವಿಶ್ವಕೋಶಕ್ಕೆ ಬರೆಯುವವರು ಹಾಗೆ ತೂಗಿ ಬರೆದವರ ಪುಸ್ತಕವನ್ನು ಆಧರಿಸಬೇಕು. ಶಾಸನ ಬೇಕೆನ್ನುವವರಿಗೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟವಿದೆ, 1904ರಲ್ಲಿ ಬಂದದ್ದು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲೇ ಇವೆ.

ಜಂಬಗಾರು
ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಒಂದೇ ಒಂದು ಸಾಲು ಕೊಟ್ಟಿದ್ದಾರೆ, ನೋಡಿದಿರಾ? ಎದುರಿನ ಮಂಟಪದಲ್ಲಿ ಕುಳಿತ ಆ ದೊಡ್ಡ ನಂದಿ ಇಲ್ಲ, ಒಳಗೆ ನೆಲದ ಕಲ್ಲಿನಲ್ಲಿ ದೇವರಿಗೆ ಅಡ್ಡಬಿದ್ದಂತೆ ಕೆತ್ತಿರುವ ನಾಯಕರ ಆಕೃತಿಗಳು ಇಲ್ಲ. ಅರಸನಾದವನು ಬರುವ ಹೋಗುವವರ ಕಾಲ ಬುಡದಲ್ಲಿ ತನ್ನ ರೂಪವನ್ನು ಕೆತ್ತಿಸಿಕೊಂಡಿದ್ದಾನೆ. ಇದನ್ನು ಬಿಟ್ಟು ಇನ್ನೇನು ಬರೆಯುವುದು?

ಶರಾವತಿ ಕಣಿವೆ
ಜೋಗದ ವಿಷಯಕ್ಕೆ ಬನ್ನಿ. ನಮ್ಮವರಿಗೂ ಸ್ವಲ್ಪ ಅತಿಯಾದ ಅಭಿಮಾನ. ಜೋಗದ ಎತ್ತರ 253 ಮೀಟರ್, ಅಂದರೆ 830 ಅಡಿ. ಮೇಘಾಲಯದ ನೋಹ್‌ಕಾಲಿಕಾಯ್ 340 ಮೀಟರ್. ನಮ್ಮ ಜಿಲ್ಲೆಯದೇ ಆದ, ವಾರಾಹಿಯ ಕುಂಚಿಕಲ್ ಅಬ್ಬಿಗೆ 455 ಮೀಟರ್ ಎಂದು ಪಟ್ಟಿಗಳಲ್ಲಿದೆ. "ಭಾರತದ ಅತಿ ಎತ್ತರದ" ಎಂಬುದು ಯಾವ ಲೆಕ್ಕದಲ್ಲೂ ನಿಲ್ಲುವುದಿಲ್ಲ.

ಕಾರ್ಗಲ್ ಹುಡುಗ
ಕುಂಚಿಕಲ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಬ್ಬಿ. ಮಾಣಿ ಅಣೆಕಟ್ಟು ಆದ ಮೇಲೆ ಅಲ್ಲಿ ನೀರು ಕಾಣುವುದು ಮಳೆಗಾಲದಲ್ಲಿ ಮಾತ್ರ. ಅದನ್ನು ಜೋಗದ ಪಕ್ಕ ಇಟ್ಟು ಹೋಲಿಸುವುದು ನ್ಯಾಯವಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಹರಿಯುವಾಗ ಬಂದು ನೋಡಿ, ಆಮೇಲೆ ಮಾತನಾಡಿ.

ಶರಾವತಿ ಕಣಿವೆ
ಮಳೆಗಾಲದಲ್ಲಿ ಮಾತ್ರ ಎಂಬ ವಾದ ಹೂಡಿದರೆ ಅದು ಜೋಗಕ್ಕೂ ತಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು ನೀರನ್ನು ಹಿಡಿದಿಟ್ಟುಕೊಂಡಿರುವಾಗ ಬೇಸಿಗೆಯಲ್ಲಿ ಬಂಡೆಯ ಮೇಲೆ ಇಳಿಯುವುದು ನೂಲಿನಂಥ ನೀರು. ಜೋಗ ದೊಡ್ಡದಾಗುವುದಕ್ಕೆ ಸುಳ್ಳು ಅಂಕಿಯ ಆಸರೆ ಬೇಕಿಲ್ಲ. "ನೇರವಾಗಿ ಧುಮುಕುವ, ದೇಶದ ಅತಿ ಎತ್ತರದ ಜಲಪಾತಗಳಲ್ಲಿ ಒಂದು" ಎಂದು ಬರೆದು 253 ಮೀಟರ್ ಎಂದರೆ ಮುಗಿಯಿತು.

ಸಿದ್ದಾಪುರ ಕಡೆಯವ
ಜೋಗ ಪೂರ್ತಿ ಸಾಗರದ್ದು ಎಂದು ಬರೆದುಕೊಳ್ಳಬೇಡಿ. ಒಂದು ದಡ ನಮ್ಮ ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ. ಗಡಿಯಲ್ಲಿದೆ ಎಂದು ಬರೆಯಿರಿ.

ಕಾರ್ಗಲ್ ಹುಡುಗ
ಅದಕ್ಕೆ ನನ್ನ ತಕರಾರಿಲ್ಲ.

ಮಡೆನೂರು ಮೂಲ
ಪುಟದಲ್ಲಿ "1948ರಲ್ಲಿ ಲಿಂಗನಮಕ್ಕಿಯಿಂದ ವಿದ್ಯುತ್ ಉತ್ಪಾದನೆ ಆರಂಭವಾಯಿತು" ಎಂದಿದೆ. 1948ರಲ್ಲಿ ಲಿಂಗನಮಕ್ಕಿ ಎಲ್ಲಿತ್ತು? ಜೋಗದ ವಿದ್ಯುದಾಗಾರಕ್ಕೆ ಆಗ ನೀರು ಕೊಟ್ಟದ್ದು ಹಿರೇಭಾಸ್ಕರ ಅಣೆಕಟ್ಟು, ನಾವು ಮಡೆನೂರು ಡ್ಯಾಮ್ ಎನ್ನುತ್ತೇವೆ. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಮಡೆನೂರು ಡ್ಯಾಮೇ ಮುಳುಗಿಹೋಯಿತು. ಮಳೆ ಕೈಕೊಟ್ಟ ವರ್ಷ ಮೇ ತಿಂಗಳಲ್ಲಿ ನೀರು ಇಳಿದಾಗ ಆ ಹಳೆಯ ಅಣೆಕಟ್ಟು ಇಡಿಯಾಗಿ ಮೇಲೆ ಕಾಣುತ್ತದೆ, ಅದರ ಸೈಫನ್‌ಗಳ ದುಂಡನೆಯ ಬಾಯಿಗಳೂ ಕಾಣುತ್ತವೆ. ಅಷ್ಟು ಗಟ್ಟಿ ಕಟ್ಟಡ ಈಗಲೂ ಜಗ್ಗದೆ ನಿಂತಿದೆ.

ನನ್ನ ಅಜ್ಜನ ಮನೆ, ತೋಟ, ಗದ್ದೆ ಎಲ್ಲ ಆ ನೀರಿನ ಕೆಳಗಿವೆ. ನಾಡಿಗೆ ಬೆಳಕು ಕೊಟ್ಟ ಯೋಜನೆ ಎಂದು ಪುಟದಲ್ಲಿ ಹೊಗಳಿದ್ದಾರೆ, ಹೊಗಳಲಿ. ಆದರೆ ಮುಳುಗಡೆ ಎಂಬ ಮಾತೇ ಇಡೀ ಪುಟದಲ್ಲಿ ಇಲ್ಲ. ಎತ್ತಿನ ಗಾಡಿಯಲ್ಲಿ, ಲಾರಿಯಲ್ಲಿ ಸಾಮಾನು ಹೇರಿಕೊಂಡು ಊರು ಬಿಟ್ಟವರ ಮೊಮ್ಮಕ್ಕಳು ಈಗಲೂ ಜಮೀನಿನ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ತಪ್ಪು ಎಂದರೆ ಬರೆದದ್ದು ಮಾತ್ರವೇ? ಬರೆಯದೆ ಬಿಟ್ಟದ್ದೂ ತಪ್ಪೇ.

ಗಣಪತಿಕೆರೆ
ಅಣ್ಣಾ, ನಿಮ್ಮ ಮಾತು ನಾಟಿತು. ಮುಳುಗಡೆಗೆ ಪ್ರತ್ಯೇಕ ಭಾಗವನ್ನೇ ಸೇರಿಸೋಣ.

ಹಳೆಯ ಸಂಪಾದಕ
ಖಂಡಿತ ಸೇರಿಸಬೇಕು. ಮುಳುಗಡೆ ಸಂತ್ರಸ್ತರ ಬಗ್ಗೆ ಪತ್ರಿಕಾ ವರದಿಗಳು ಬೇಕಾದಷ್ಟಿವೆ, ಸಂಶೋಧನಾ ಪ್ರಬಂಧಗಳೂ ಇವೆ. ಅಜ್ಜನ ಮನೆಯ ಕಥೆಯನ್ನು ಮಾತ್ರ ನೇರವಾಗಿ ಬರೆಯಲಾಗದು, ಅದು ಸ್ವಂತ ಸಂಶೋಧನೆ ಎನಿಸಿಕೊಳ್ಳುತ್ತದೆ.

ಕಾಗೋಡು ದಾರಿ
ಇಲ್ಲೇ ನನ್ನ ಜಗಳ ಇರುವುದು. ಅಚ್ಚಾಗದವರ ಬದುಕು ಬದುಕಲ್ಲವೇ? 1951ರ ಕಾಗೋಡು ಸತ್ಯಾಗ್ರಹವನ್ನೇ ತೆಗೆದುಕೊಳ್ಳಿ. ಪುಟದಲ್ಲಿ "ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ನಡೆಸಿದ ಚಳವಳಿ" ಎಂದು ಮುಗಿಸಿದ್ದಾರೆ. ಲೋಹಿಯಾ ಬಂದರು, ಬಂಧನಕ್ಕೊಳಗಾದರು, ಅದರಿಂದ ದೇಶವೇ ಇತ್ತ ತಿರುಗಿ ನೋಡಿತು, ಎಲ್ಲ ಸರಿ. ಆದರೆ ಅವರು ಬರುವ ಮೊದಲೇ ಗೇಣಿದಾರರು ಹೊಲಕ್ಕಿಳಿದು ಜೈಲು ತುಂಬಿಸಿದ್ದರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದರು. ಅವರ ಹೆಸರೇ ಇಲ್ಲ! ಜಗಳ ಹೊತ್ತಿಕೊಂಡದ್ದು ಕೊಳಗದಿಂದ. ಗೇಣಿಯ ಭತ್ತವನ್ನು ಅಳೆಯುವಾಗ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ಅಳತೆಯ ಪಾತ್ರೆ ದೊಡ್ಡದಾದಷ್ಟೂ ರೈತನ ಕಣಜ ಬರಿದು. ಕೊಳಗ ಎಂಬ ಪದವಿಲ್ಲದೆ ಕಾಗೋಡಿನ ಬಗ್ಗೆ ಬರೆಯುವುದು ಹೇಗೆ ಸಾಧ್ಯ?

ಸತ್ಯಾಗ್ರಹಕ್ಕೆ ಹೋದವರ ಹೆಂಡತಿಯರು, ತಾಯಂದಿರು ಆ ದಿನಗಳನ್ನು ಹೇಗೆ ದೂಡಿದರು ಎಂಬುದು ಯಾವ ಪುಸ್ತಕದಲ್ಲೂ ಸಾಕಷ್ಟು ಬಂದಿಲ್ಲ. ನೆನಪಿಟ್ಟುಕೊಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. "ಆಧಾರ ತನ್ನಿ" ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಹಳೆಯ ಸಂಪಾದಕ
ಈ ಪ್ರಶ್ನೆ ಹಿಂದೆಯೂ ಬಂದಿದೆ. ಬಾಯಿಮಾತಿನ ಆಕರಗಳನ್ನು ಧ್ವನಿಮುದ್ರಿಸಿ ವಿಕಿಪೀಡಿಯದಲ್ಲಿ ಉಲ್ಲೇಖವಾಗಿ ಬಳಸುವ ಪ್ರಯೋಗ 2011ರಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿ ನಡೆದಿತ್ತು. ನಮ್ಮ ನೆರೆಯ ಮಲಯಾಳಂ ಕೂಡ ಅದರಲ್ಲಿತ್ತು. ಚರ್ಚೆ ದೊಡ್ಡದಾಗಿಯೇ ಆಯಿತು, ಮೂಲ ನಿಯಮ ಬದಲಾಗಲಿಲ್ಲ. ಹಾಗಾಗಿ ಇಂದಿನ ಮಟ್ಟಿಗೆ ದಾರಿ ಒಂದೇ: ಹಿರಿಯರ ಮಾತನ್ನು ಮೊದಲು ಬೇರೆ ಕಡೆ ಪ್ರಕಟಿಸಿ. ಸ್ಥಳೀಯ ಪತ್ರಿಕೆಯಲ್ಲಿ ಸಂದರ್ಶನವಾಗಲಿ, ಕಾಲೇಜಿನ ಇತಿಹಾಸ ವಿಭಾಗದವರು ಸಂಗ್ರಹಿಸಲಿ, ಪುಸ್ತಕವಾಗಲಿ. ವಿಶ್ವಕೋಶ ಅಲ್ಲಿಂದ ತೆಗೆದುಕೊಳ್ಳಬೇಕು.

ಕಾಗೋಡು ದಾರಿ
ಒಪ್ಪಿದೆ ಎನ್ನಲಾರೆ. ಪತ್ರಿಕೆಯವರು ಬಾರದ ಹಳ್ಳಿಗಳೂ ಇವೆ. ಆದರೆ ಸಂದರ್ಶನ ಮಾಡಿಸುವ ಕೆಲಸವನ್ನಂತೂ ಹಿಡಿಯುತ್ತೇನೆ.

ಮೈಸೂರು ಓದುಗ
ಪತ್ರಿಕೆ ಎಂದ ಕೂಡಲೇ ನಂಬಬೇಡಿ. ವರದಿಗಾರರು ಎಷ್ಟೋ ಸಲ ಇದೇ ವಿಶ್ವಕೋಶದಿಂದ ಎತ್ತಿ ಬರೆಯುತ್ತಾರೆ. ಆಮೇಲೆ ಆ ವರದಿಯನ್ನೇ ಪುಟಕ್ಕೆ ಆಕರವಾಗಿ ಜೋಡಿಸುತ್ತಾರೆ. ಸುಳ್ಳು ಒಂದು ಸುತ್ತು ಹೋಗಿ ಮುದ್ರೆ ಒತ್ತಿಸಿಕೊಂಡು ಬರುತ್ತದೆ. ಆದ್ದರಿಂದ ವರದಿಯ ದಿನಾಂಕವನ್ನೂ, ಆ ಸಾಲು ಪುಟಕ್ಕೆ ಸೇರಿದ ದಿನಾಂಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಾಲು ಮೊದಲು, ವರದಿ ಆಮೇಲೆ ಎಂದಾದರೆ ಅದು ಆಕರವೇ ಅಲ್ಲ.

ಹಳೆಯ ಸಂಪಾದಕ
ಈ ಮಾತನ್ನು ಎಲ್ಲರೂ ಗಟ್ಟಿಯಾಗಿ ನೆನಪಿಡಿ.

ಬಿಸಿಲೂರು
ಕೆರೆಯ ಚಿತ್ರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅದು ಮಧ್ಯಪ್ರದೇಶದ ಸಾಗರ್ ನಗರದ ಲಾಖಾ ಬಂಜಾರಾ ಕೆರೆ. ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಾಗ ದಂಡೆಯ ಮೇಲೆ ಓಡಾಡಿದ್ದೇನೆ, ನೋಡಿದ ಕೂಡಲೇ ಗುರುತು ಸಿಕ್ಕಿತು. ಶಿಕ್ಷಣ ಎಂಬ ಭಾಗದಲ್ಲಿ "1946ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ" ಎಂದು ಇರುವುದೂ ಆ ಸಾಗರ್‌ನ ಹರಿಸಿಂಗ್ ಗೌರ್ ವಿಶ್ವವಿದ್ಯಾಲಯವೇ. ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಸಗರ ಎಂಬ ಊರೂ ಇದೆ. ಯಾವುದಾದರೂ ಅಂಕಿ ವಿಚಿತ್ರವಾಗಿ ಕಂಡರೆ ಆ ಕಡೆಯಿಂದಲೂ ಬಂದಿರಬಹುದು, ಪರೀಕ್ಷಿಸಿ.

ಗಣಪತಿಕೆರೆ
ವಿಶ್ವವಿದ್ಯಾಲಯದ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ! ಚಿತ್ರಕ್ಕೆ ತೊಂದರೆಯಿಲ್ಲ, ಗಣಪತಿ ಕೆರೆಯ ಸೊಗಸಾದ ಚಿತ್ರಗಳು ವಾಟ್ಸಾಪ್ ಗುಂಪಿನಲ್ಲಿ ರಾಶಿ ಬಿದ್ದಿವೆ.

ಹಳೆಯ ಸಂಪಾದಕ
ಅವನ್ನು ಮುಟ್ಟಬೇಡಿ. ತೆಗೆದವರು ಯಾರೆಂದು ಗೊತ್ತಿಲ್ಲದ ಚಿತ್ರ ನಿಲ್ಲುವುದಿಲ್ಲ. ಹಕ್ಕು ತೆಗೆದವರದು. ನೀವೇ ಮೊಬೈಲಿನಲ್ಲಿ ತೆಗೆದು, ಹೆಸರು ಹೇಳಿ ಯಾರು ಬೇಕಾದರೂ ಬಳಸಿಕೊಳ್ಳಬಹುದು ಎಂಬ ಮುಕ್ತ ಪರವಾನಗಿಯಡಿ ಏರಿಸಿ.

ಗುಡಿಗಾರ ಮನೆ
ನಮ್ಮ ಕಸುಬಿನ ಬಗ್ಗೆ "ಸಾಗರದ ಗುಡಿಗಾರರು ಕಲ್ಲಿನ ಶಿಲ್ಪಿಗಳು" ಎಂದಿದೆ. ನಮ್ಮ ಹಿರಿಯರ ಹೆಸರು ಉಳಿದಿರುವುದು ಶ್ರೀಗಂಧದ ಕೆತ್ತನೆಯಿಂದ. ಮದುವೆಯ ಬೆಂಡಿನ ಬಾಸಿಂಗ ಮಾಡುವುದೂ ನಾವೇ. ಬೆಂಡನ್ನು ಕಾಗದದಷ್ಟು ತೆಳ್ಳಗೆ ಸೀಳಿ, ಒಂದೊಂದು ಎಸಳನ್ನೂ ಬೆರಳ ತುದಿಯಲ್ಲಿ ಮಡಿಸಿ ಅಂಟಿಸುವ ಕೆಲಸ ಅದು, ಕಲಿಯುವುದಕ್ಕೆ ವರ್ಷಗಳೇ ಬೇಕು. ಅದರ ಸುದ್ದಿಯೇ ಇಲ್ಲ. ದಯವಿಟ್ಟು ತಿದ್ದಿ.

ತೋಟದ ಮನೆ
ಉಪ್ಪಿನಕಾಯಿಗೆ ಹಾಕುವ ನಮ್ಮ ಮಾವಿನ ಮಿಡಿ, ಅಪ್ಪೆಮಿಡಿಯ ಬಗ್ಗೆ ಒಂದು ಅಕ್ಷರವೂ ಇಲ್ಲ ಎಂಬುದನ್ನು ಇಲ್ಲಿಯ ತನಕ ಯಾರೂ ಎತ್ತಲಿಲ್ಲವಲ್ಲ! ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ಬೆಳೆ ಅದು.

ಶಿರಸಿಯವಳು
ಅಪ್ಪೆಮಿಡಿ ಸಾಗರದ್ದೊಂದೇ ಅಲ್ಲ, ನಮ್ಮ ಕಡೆಯ ಹೊಳೆದಂಡೆಗಳಲ್ಲೂ ಇದೆ.

ತೋಟದ ಮನೆ
ಇರಲಿ ತಂಗಿ, ಜೀರಿಗೆ ಪರಿಮಳದ ಮಿಡಿ ಎಂದರೆ ನಮ್ಮ ಕಡೆಯದನ್ನೇ ಹುಡುಕಿಕೊಂಡು ಬರುತ್ತಾರೆ. ತೊಟ್ಟು ಮುರಿಯದಂತೆ ಕೊಯ್ದು, ಸೊನೆ ಉಳಿಸಿಕೊಂಡು ಉಪ್ಪಿಗೆ ಹಾಕಿದರೆ ವರ್ಷಗಟ್ಟಲೆ ಕೆಡುವುದಿಲ್ಲ.

ಶಿರಸಿಯವಳು
ಉಪ್ಪಿನಕಾಯಿಗೆ ಬೇರೆ ಚರ್ಚೆ ಆರಂಭಿಸಿ ಅಣ್ಣಾ, ಅಲ್ಲಿ ಜಗಳವಾಡೋಣ.

ತುಮರಿ ಸೀಮೆ
ಸಿಗಂದೂರಿನ ಸಾಲು ಎಲ್ಲಕ್ಕಿಂತ ಸುಲಭ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು, ಎಲ್ಲ ಪತ್ರಿಕೆಗಳಲ್ಲೂ ಬಂದಿದೆ. ಹಾಗೆಂದು ಲಾಂಚಿನ ಮಾತನ್ನು ಪೂರ್ತಿ ಅಳಿಸಬೇಡಿ. ನಡುರಾತ್ರಿ ಹೆರಿಗೆ ನೋವು ಬಂದರೆ ಹಿನ್ನೀರಿನ ಈ ದಡದಲ್ಲಿ ಕುಳಿತು ಬೆಳಗಾಗುವುದನ್ನೇ ಕಾಯಬೇಕಿತ್ತು. ದಶಕಗಳ ಕಾಲ ನಮ್ಮ ದ್ವೀಪದ ಜನ ಹಾಗೆಯೇ ಬದುಕಿದರು. "ಹಿಂದೆ ಲಾಂಚ್ ಒಂದೇ ಹತ್ತಿರದ ದಾರಿಯಾಗಿತ್ತು" ಎಂದು ಭೂತಕಾಲಕ್ಕೆ ತಿರುಗಿಸಿ.

ಇಕ್ಕೇರಿ ರಸ್ತೆ
ಹೆದ್ದಾರಿ ಸಂಖ್ಯೆಯನ್ನೂ ನೋಡಿ. ಹಳೆಯ 206 ಈಗ ನಮ್ಮ ಊರಿನ ಮೇಲೆ ಹಾದುಹೋಗುವಲ್ಲಿ 69. ನೀನಾಸಮ್ ರಂಗಸಂಸ್ಥೆ ಸಾಗರ ಪಟ್ಟಣದಲ್ಲಿದೆ ಎಂದು ಬರೆದಿದ್ದಾರೆ, ಅದು ಹೆಗ್ಗೋಡಿನಲ್ಲಿದೆ. ಜನಸಂಖ್ಯೆಯನ್ನು ಯಾರೋ ಅಂದಾಜಿನ ಮೇಲೆ ಏರಿಸಿದ್ದಾರೆ. 2011ರ ಜನಗಣತಿಯ ಅಂಕಿಯನ್ನೇ ಹಾಕಿ, ಪಕ್ಕದಲ್ಲಿ ವರ್ಷ ನಮೂದಿಸಿ.

ಗಣಪತಿಕೆರೆ
ಎಲ್ಲರಿಗೂ ಕೃತಜ್ಞತೆಗಳು. ವರದೆ, ಸೇತುವೆ, ಹೆಗ್ಗೋಡು, ಲಿಂಗನಮಕ್ಕಿ ಈ ನಾಲ್ಕನ್ನೂ ಆಕರ ಸಮೇತ ಒಂದೊಂದಾಗಿ ತಿದ್ದಿದ್ದೇನೆ, ಈವರೆಗೆ ಯಾರೂ ಅಳಿಸಿಲ್ಲ. ಚೆನ್ನಮ್ಮ ಮತ್ತು ದೆಲ್ಲಾ ವಾಲ್ಲೆಯ ವಿಷಯವನ್ನು ಚರ್ಚೆ ಪುಟದಲ್ಲಿ ಇಟ್ಟಿದ್ದೇನೆ. ಅಧ್ಯಾಪಕರು ಅಲ್ಲಿಗೆ ಬಂದು ಪುಟಸಂಖ್ಯೆ ಕೊಟ್ಟರೆ ಉಪಕಾರ. ಮಾರಿಜಾತ್ರೆಗೆ ಮಾತ್ರ "ಮೂರು ವರ್ಷಕ್ಕೊಮ್ಮೆ" ಎಂದು ಸ್ಪಷ್ಟವಾಗಿ ಬರೆದ ವರದಿಯೊಂದು ಬೇಕು.

ಜಂಬಗಾರು
2023ರ ಜಾತ್ರೆಯ ಪತ್ರಿಕೆಗಳನ್ನು ಮನೆಯಲ್ಲಿ ಕಟ್ಟಿಟ್ಟಿದ್ದೇವೆ. ದಿನಾಂಕ, ಪುಟಸಂಖ್ಯೆ ಸಹಿತ ನಾಳೆ ಹಾಕುತ್ತೇನೆ.

ಕಾಗೋಡು ದಾರಿ
ಕಾಗೋಡು ಭಾಗದ ಕರಡನ್ನು ನಾನು ಬರೆಯುತ್ತೇನೆ. ಗಣಪತಿಯಪ್ಪನವರ ಹೆಸರು, ಕೊಳಗ, ಗೇಣಿ ಮೂರೂ ಇರುತ್ತವೆ. 1952ರಲ್ಲಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದದ್ದು, ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯ ತನಕದ ದಾರಿ, ಅದನ್ನೂ ಸೇರಿಸಬೇಕು ಎಂದಿದ್ದೇನೆ. ಯಾರಿಗಾದರೂ ಆಕ್ಷೇಪವಿದ್ದರೆ ಈಗಲೇ ಹೇಳಿ.

ಮೈಸೂರು ಓದುಗ
1974ರ ತನಕ ಎಳೆದರೆ ಅದು ಊರಿನ ಪುಟವಾಗುವುದಿಲ್ಲ, ಭೂಸುಧಾರಣೆಯ ಪುಟವಾಗುತ್ತದೆ. ಕಾಗೋಡಿಗೇ ಪ್ರತ್ಯೇಕ ಲೇಖನ ಮಾಡಿ, ಇಲ್ಲಿಂದ ಕೊಂಡಿ ಕೊಡಿ.

ಕಾಗೋಡು ದಾರಿ
ಪ್ರತ್ಯೇಕ ಲೇಖನವನ್ನೂ ಬರೆಯೋಣ. ಆದರೆ ಊರಿನ ಪುಟದಲ್ಲಿ ಎರಡು ಪ್ಯಾರಾಕ್ಕಿಂತ ಕಡಿಮೆಗೆ ನಾನು ಒಪ್ಪುವುದಿಲ್ಲ.